ಹನ್ನೊಂದು ಶಾಲೆ, ಒಂದೇ ಗ್ಲೋಬು

ಶಿರಸಿ ಪೇಟೆ ಮತ್ತು ಸುತ್ತಲಿನ ಹನ್ನೊಂದು ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಸಾಲಾಗಿ ನಿಲ್ಲಿಸಿ ಯಾವುದು ಎತ್ತರ, ಯಾವುದು ಗಿಡ್ಡ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದ ಮೂರನೆಯ ವರ್ಷ. ಅಳೆಯಲು ಹೇಳಿದವರು ಹೊರಗಿನ ಒಂದು ಟ್ರಸ್ಟಿನವರು. ಆ ಟ್ರಸ್ಟು ಶಿಕ್ಷಕರು ಸಾಲದ ನಾಲ್ಕು ಶಾಲೆಗಳಿಗೆ ಒಬ್ಬೊಬ್ಬ ಹೆಚ್ಚುವರಿ ಶಿಕ್ಷಕಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರನ್ನು, ಕೊಟ್ಟಿತ್ತು. ಇನ್ನು ಮುಂದೆ ಹಾಗೆ ಸುಮ್ಮನೆ ಕೊಡುವುದು ಸರಿಯಲ್ಲ, ಹನ್ನೊಂದನ್ನೂ ಹೋಲಿಸಿ ನೋಡಿ ಮೊದಲ ನಾಲ್ಕು ಸ್ಥಾನಕ್ಕೆ ಬಂದವರಿಗೆ ಮಾತ್ರ ಕೊಡೋಣ ಎಂದು ಅದಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿತ್ತು. ಹೊಟ್ಟೆ ತುಂಬಿದವನಿಗೆ ಇನ್ನೊಂದು ಹೋಳಿಗೆ ಬಡಿಸಿ, ಹಸಿದವನ ಎಲೆ ಎತ್ತಿಬಿಡುವ ಈ ನ್ಯಾಯಕ್ಕೆ ಅವರು ‘ಪ್ರೋತ್ಸಾಹ’ ಎಂದು ಹೆಸರಿಟ್ಟಿದ್ದರು.

ಇಷ್ಟು ಗೊತ್ತಿದ್ದೂ ನಾನೇಕೆ ಒಪ್ಪಿದೆ? ಹೊಗಳಿಕೆಗೆ, ಮತ್ತೇನಕ್ಕೂ ಅಲ್ಲ. ಟ್ರಸ್ಟಿನ ಸಂಯೋಜಕಿ ಮನೆಗೆ ಬಂದಾಗ ಟಿವಿಯ ಪಕ್ಕದಲ್ಲಿದ್ದ ಫಲಕವನ್ನು ಕೈಗೆತ್ತಿಕೊಂಡು, “ವಾವ್ ಮೇಡಂ, ನಿಮ್ಮ ಸ್ಕೂಲಿಗೆ ಉತ್ತಮ ಶಾಲೆ ಪ್ರಶಸ್ತಿ ಬಂದಿತ್ತಾ? ನಿಮ್ಮಂಥವರೇ ಬೇಕು ನಮಗೆ” ಎಂದಳು. ಸಿದ್ದಾಪುರ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿದ್ದಾಗ ಬಂದ ಫಲಕ ಅದು. ಹನ್ನೊಂದು ವರ್ಷದಿಂದ ಅದನ್ನು ಹಾಗೆ ಕೈಗೆತ್ತಿಕೊಂಡು ಓದಿದವರು ಯಾರೂ ಇರಲಿಲ್ಲ. ನಾನು ಕರಗಿ ನೀರಾದೆ.

ನಮೂನೆ ಮೊಬೈಲಿನಲ್ಲಿತ್ತು. ಒಟ್ಟು ನೂರು ಅಂಕ. ಕಟ್ಟಡ, ಶೌಚಾಲಯ, ಹಾಜರಿ ಇವಕ್ಕೆಲ್ಲ ಹಂಚಿ ಉಳಿದದ್ದರಲ್ಲಿ ಬೋಧನೋಪಕರಣಗಳಿಗೆ ಮೂವತ್ತು, ಮಕ್ಕಳ ಓದಿಗೆ ಹತ್ತು. ಮಗುವಿಗೆ ಓದಲು ಬಂದರೆ ಹತ್ತು, ಗ್ಲೋಬು ಇದ್ದರೆ ಮೂವತ್ತರಲ್ಲಿ ಪಾಲು. ಈ ತಕ್ಕಡಿಯನ್ನು ಹಿಡಿದವರು ಯಾವ ಶಾಲೆಯಲ್ಲಿ ಕಲಿತರೋ ನಾನರಿಯೆ. ಒಂದೊಂದು ಉಪಕರಣದ ಮುಂದೆ ಎರಡು ಚೌಕ: ಇದೆ, ಇಲ್ಲ. ‘ಇದೆ’ ಒತ್ತಿದರೆ ಫೋಟೋ ಕೇಳುತ್ತದೆ, ‘ಇಲ್ಲ’ ಒತ್ತಿದರೆ ಖಾಲಿ ಜಾಗದ ಫೋಟೋ ಕೇಳುತ್ತದೆ. ‘ಸಲ್ಲಿಸಿ’ ಒತ್ತಿದ ಮೇಲೆ ತಿದ್ದಲು ಬರುವುದಿಲ್ಲ.

ದಿನಕ್ಕೆ ಎರಡು ಶಾಲೆ. ಯಾವ ದಿನ ಯಾವ ಶಾಲೆ ಎಂಬ ಪಟ್ಟಿಯನ್ನು ಸಂಯೋಜಕಿ ಹದಿನೈದು ದಿನ ಮೊದಲೇ ಎಲ್ಲ ಮುಖ್ಯಾಧ್ಯಾಪಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದಳು. ಹೀಗೆ ಮೊದಲೇ ಹೇಳಿದರೆ ಹೇಗೆ ಎಂದು ಕೇಳಿದ್ದಕ್ಕೆ, “ಪಾರದರ್ಶಕತೆ ಇರ್ಬೇಕಲ್ವಾ ಮೇಡಂ?” ಎಂದಳು. ಕಳ್ಳನಿಗೆ ಕೀಲಿ ಕೊಡುವುದಕ್ಕೂ ಇಂಥ ಚಂದದ ಹೆಸರುಗಳಿರುತ್ತವೆ.

ಮೊದಲನೆಯ ದಿನದ ಮೊದಲ ಶಾಲೆ ಪೇಟೆಯ ನಡುವಿನದು. ಅಲ್ಲಿನ ಹೆಡ್‌ಮಾಸ್ತರರು ನನಗೆ ಹಳೆಯ ಪರಿಚಯ, ದೂರದಲ್ಲಿ ಸಂಬಂಧವೂ ಹೌದು. ಮೇಜಿನ ಮೇಲೆ ಹೊಸ ಬಟ್ಟೆ ಹಾಸಿ ಗ್ಲೋಬು, ಮಣಿಚೌಕಟ್ಟು, ತಕ್ಕಡಿ, ಅಸ್ಥಿಪಂಜರದ ಪಟ, ನಕಾಶೆ ಎಲ್ಲವನ್ನೂ ನವರಾತ್ರಿಯ ಗೊಂಬೆ ಕೂರಿಸಿದ ಹಾಗೆ ಕೂರಿಸಿದ್ದರು. ಗ್ಲೋಬಿನ ಮೇಲೆ ಆಫ್ರಿಕಾ ಇರುವ ಜಾಗದಲ್ಲಿ ಒಂದು ನೆಗ್ಗು. ಅದರ ಅಚ್ಚಿನ ಕಡ್ಡಿ ಮುರಿದಿತ್ತೆಂದು ಕಾಣುತ್ತದೆ, ಸೈಕಲ್ಲಿನ ಕಡ್ಡಿ ಸಿಕ್ಕಿಸಿ ಬಗ್ಗಿಸಿದ್ದರು. ‘ಇದೆ’ ಒತ್ತಿ ಫೋಟೋ ತೆಗೆದೆ.

ಮಾರನೆಯ ದಿನ ನಾಲ್ಕನೆಯ ಶಾಲೆಯಲ್ಲೂ ಆಫ್ರಿಕಾಕ್ಕೆ ಪೆಟ್ಟು ಬಿದ್ದಿತ್ತು. ಒಂದೇ ಅಂಗಡಿಯಿಂದ ತಂದಿರಬೇಕು, ಅಲ್ಲೇ ಪೆಟ್ಟು ಬಿದ್ದಿರಬೇಕು ಎಂದು ನಾನು, ಮೂವತ್ತನಾಲ್ಕು ವರ್ಷ ಮೇಷ್ಟ್ರಗಿರಿ ಮಾಡಿದವಳು, ಯೋಚಿಸಿದೆ. ಆರನೆಯ ಶಾಲೆಯಲ್ಲಿ ಸೈಕಲ್ಲಿನ ಕಡ್ಡಿಯೂ ಕಂಡಿತು. ಏಳನೆಯದರಲ್ಲಿ ಗ್ಲೋಬಿನ ಜೊತೆ ಮೇಜಿನ ಬಟ್ಟೆಯೂ ಬಂದು ಕೂತಿತ್ತು. ಅಲ್ಲಿನ ಮಾಸ್ತರರು ಬೆವರು ಒರೆಸಿಕೊಳ್ಳುತ್ತಿದ್ದರು. ಹೊರಗೆ ಆಟೋದವ ಎಂಜಿನ್ ಆರಿಸದೆ ಕಾಯುತ್ತಿದ್ದ. ನನ್ನ ಸಹಿಯಾದ ಕೂಡಲೇ ಭೂಗೋಳ ಎಂಟನೆಯ ಶಾಲೆಗೆ ಹೊರಡಬೇಕಿತ್ತು.

ನನಗೆ ನಗು ಬಂತು. ಸಿಟ್ಟು ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಮದುವೆ ಮುಂಜಿ ಎಂದರೆ ಕೊಪ್ಪರಿಗೆ, ಕೌಳಿಗೆಯಂಥ ಪಾತ್ರೆಗಳು, ಜಮಖಾನೆಗಳು ಮನೆಯಿಂದ ಮನೆಗೆ ತಿರುಗುತ್ತವೆ. ಪಾತ್ರೆಯ ಕಂಠದಲ್ಲಿ ಮನೆಯ ಹೆಸರು ಕೆತ್ತಿಸಿರುತ್ತದೆ, ಅಷ್ಟೇ ಕಾಗದಪತ್ರ. ಕೇಳಿದರೆ ಇಲ್ಲ ಎನ್ನುವಂತಿಲ್ಲ. ಕೊಟ್ಟ ಮೇಲೆ ವಾಪಸ್ ಕೊಡಿ ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ, ಒಯ್ದವರೇ ತಿಳಿದು ಮುಟ್ಟಿಸಬೇಕು. ಮಾಸ್ತರು ಮಂದಿ ಈ ಮರ್ಯಾದೆಯನ್ನು ತಪಾಸಣೆಗೂ ತಂದುಕೊಂಡಿದ್ದಾರೆ. ಯಲ್ಲಾಪುರದಲ್ಲಿ ಮಾಗೋಡಿನ ದಿಕ್ಕಿನ ಶಾಲೆಯೊಂದಕ್ಕೆ ನಾನು ನೌಕರಿಗೆ ಸೇರಿದ ವರ್ಷವೇ ಈ ವಿದ್ಯೆ ಕಲಿತಿದ್ದೆ. ಆದ್ದರಿಂದ ಹತ್ತು ಶಾಲೆಗೂ ‘ಇದೆ’ ಒತ್ತಿದೆ. ಸುಳ್ಳೇನಲ್ಲವಲ್ಲ, ಆ ಹೊತ್ತಿಗೆ ಅಲ್ಲಿ ಇತ್ತು. ಹೀಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡ ಜಾಣತನವನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಹನ್ನೊಂದನೆಯದು ಕೆಂಪು ಚಿರೆಕಲ್ಲು ಕೊಯ್ಯುವ ಕೋರೆಯ ಹಿಂದಿರುವ ಗುಡ್ಡದ ಶಾಲೆ. ಮಕ್ಕಳು ಹತ್ತೊಂಬತ್ತು, ಹೆಚ್ಚಿನವರು ಹಾವೇರಿ ಕಡೆಯಿಂದ ಕಲ್ಲು ಕೆಲಸಕ್ಕೆ ಬಂದವರ ಮಕ್ಕಳು. ಇಬ್ಬರು ಅಕ್ಕೋರು. ದೊಡ್ಡ ಅಕ್ಕೋರು ಸರ್ಕಾರದವರು, ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾರೆ. ಸಣ್ಣ ಅಕ್ಕೋರು ಟ್ರಸ್ಟು ಕೊಟ್ಟವರು. ಸಭೆ, ತರಬೇತಿ, ಬಿಸಿಯೂಟದ ಅಕ್ಕಿ ಎಂದು ದೊಡ್ಡ ಅಕ್ಕೋರು ವಾರಕ್ಕೆ ಎರಡು ದಿನ ಪೇಟೆ ಸುತ್ತಬೇಕು. ಸಣ್ಣ ಅಕ್ಕೋರು ಬರುವ ಮೊದಲು ಆ ದಿನಗಳಲ್ಲಿ ಶಾಲೆಗೆ ಬೀಗ ಬೀಳುತ್ತಿತ್ತು.

ನಾನು ಹೋದಾಗ ಗೇಟಿನಲ್ಲಿ ತಾಯಿಯೊಬ್ಬಳು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೆಂಪು ಧೂಳು ಕೊಡವುತ್ತಿದ್ದಳು. “ಬರ್ರಿ ಅಕ್ಕೋರ. ಪರೀಕ್ಷೆ ಮಾಡಾಕ ಬಂದೀರೇನ್ರಿ? ಸಣ್ಣ ಅಕ್ಕೋರನ್ನ ತಗೊಂಡು ಹೋಗಬ್ಯಾಡ್ರಿ. ಶಾಲಿ ಬಾಗಲಾ ಹಾಕಿದ್ರ ನಾವು ಹುಡುಗೂರನ್ನ ಕ್ವಾರಿಗೇ ಕರಕೊಂಡು ಹೋಗಬೇಕಾಗತೈತ್ರಿ” ಎಂದಳು. ನಾನು ಅಧಿಕಾರಿಗಳ ಹಾಗೆ ತಲೆಯಾಡಿಸಿ ಒಳಗೆ ಹೋದೆ.

ಮೊದಲು ಓದು. ಮೂರನೆಯ ತರಗತಿಯ ಹುಡುಗಿಗೆ ಐದನೆಯದರ ಪುಸ್ತಕ ಕೊಟ್ಟೆ. ಎಲ್ಲೂ ತಡವರಿಸದೆ ಓದಿ, ಪಾಠದಲ್ಲಿ ಬಂದ ಅಜ್ಜನ ಮೇಲೆ ಸಿಟ್ಟು ಮಾಡಿಕೊಂಡು ಪುಸ್ತಕ ಮುಚ್ಚಿದಳು. ಹತ್ತು ಶಾಲೆ ಸುತ್ತಿದರೂ ಹಾಗೆ ಓದಿದ ಮಗು ನನಗೆ ಸಿಕ್ಕಿರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ. ಅದಕ್ಕಿಂತ ಹೆಚ್ಚು ಕೊಡಲು ಮೊಬೈಲು ಬಿಡಲಿಲ್ಲ.

ಆಮೇಲೆ ಉಪಕರಣ. ಕಪಾಟು ತೆರೆದರೆ ಖಾಲಿ.

“ಗ್ಲೋಬು?”

“ಇಲ್ಲ.”

“ಮಣಿಚೌಕಟ್ಟು? ತಕ್ಕಡಿ?”

“ಈಗ ಇಲ್ಲ ಅಕ್ಕೋರೆ.”

“ಸೂಕ್ಷ್ಮದರ್ಶಕ?”

ದೊಡ್ಡ ಅಕ್ಕೋರು ಅದುವರೆಗೆ ನೆಲ ನೋಡಿಕೊಂಡು ಉತ್ತರಿಸುತ್ತಿದ್ದವರು ಈಗ ತಲೆಯೆತ್ತಿ ನನ್ನ ಮುಖವನ್ನು ನೋಡಿದರು. “ಇಲ್ಲ. ಇತ್ತು.”

ಇತ್ತು ಎನ್ನುವುದಕ್ಕೆ ಚೌಕವಿರಲಿಲ್ಲ. ಸಾಲಾಗಿ ‘ಇಲ್ಲ’ ಒತ್ತಿ, ಖಾಲಿ ಕಪಾಟಿನ ಫೋಟೋ ತೆಗೆದುಕೊಂಡು ಹೊರಟೆ. ನಾಲ್ಕು ಸಾಮಾನು ಎರವಲು ತರುವಷ್ಟೂ ಚುರುಕಿಲ್ಲದ ಹೆಂಗಸು, ಇವಳಿಂದ ಆ ಮಕ್ಕಳಿಗೆ ಎಂಥ ಅನ್ಯಾಯ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಾ ತರಿಸಿಕೊಂಡು ಕೂತು, ಸಲ್ಲಿಸುವ ಮೊದಲು ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಕಪಾಟಿನ ಫೋಟೋ ದೊಡ್ಡದು ಮಾಡಿದೆ. ಕೋರೆಯ ಕೆಂಪು ಧೂಳು ಅಲ್ಲಿ ಎಲ್ಲದರ ಮೇಲೂ ಕೂರುತ್ತದೆ. ಮೇಲಿನ ಹಲಗೆಯಲ್ಲಿ ಮಾತ್ರ ತಟ್ಟೆಯಷ್ಟು ಅಗಲದ ಒಂದು ದುಂಡು ಜಾಗದಲ್ಲಿ ಧೂಳಿಲ್ಲ. ಪಕ್ಕದಲ್ಲಿ ಉದ್ದನೆಯ ಚೌಕ, ಅಲ್ಲೂ ಇಲ್ಲ. ಗ್ಲೋಬಿನ ತಳ ದುಂಡಗಿರುತ್ತದೆ, ಮಣಿಚೌಕಟ್ಟು ಉದ್ದವಾಗಿರುತ್ತದೆ. ಚಾ ತಣ್ಣಗಾಯಿತು. ಹತ್ತು ಶಾಲೆಗೆ ಅಂಕ ತಂದುಕೊಟ್ಟ ಗ್ಲೋಬು ಈ ಹನ್ನೊಂದನೆಯದರದ್ದೇ ಆಗಿತ್ತು. ಒಯ್ದವರು ಮರಳಿ ಮುಟ್ಟಿಸುವ ಮೊದಲು ಗುಡ್ಡದ ಶಾಲೆಯ ಸರದಿ ಬಂದುಬಿಟ್ಟಿತ್ತು.

ಸಂಯೋಜಕಿಗೆ ಫೋನು ಮಾಡಿದೆ. “ಮೇಡಂ, ಧೂಳು ಎವಿಡೆನ್ಸ್ ಆಗಲ್ಲ. ಗ್ಲೋಬ್ ಎಲ್ಲಾ ಒಂದೇ ಥರ ಇರ್ತವೆ. ರಿಟನ್ ರೆಕಾರ್ಡ್ ಇದ್ರೆ ಕಳ್ಸಿ. ನಾಳೆ ಸಂಜೆ ಲಿಸ್ಟ್ ಕ್ಲೋಸ್ ಆಗುತ್ತೆ” ಎಂದಳು.

ಪೇಟೆ ಶಾಲೆಯ ಹೆಡ್‌ಮಾಸ್ತರರಿಗೂ ಮಾಡಿದೆ. ಅವರು ಗಾಬರಿಯಾಗುವುದಿರಲಿ, ನಕ್ಕರು. “ಅಕ್ಕಾ, ನೀ ಎಂತಕ್ಕೆ ತಲೆಬಿಸಿ ಮಾಡ್ಕತ್ತೆ? ಕೊಡದು ತಗಂಬದು ಇದ್ದಿದ್ದೇಯ. ಆ ಗುಡ್ಡದ ಶಾಲೆ ಇವತ್ತಲ್ಲ ನಾಳೆ ಮುಚ್ಚದೇ. ಅದಕ್ಕೆ ಎರಡ್ನೇ ಅಕ್ಕೋರು ಎಂತಕ್ಕೆ?”

“ನೀನು ಗ್ಲೋಬು ವಾಪಸ್ ಕೊಡಲೆ ಇಲ್ಯಲ?”

“ನಾ ಮುಂದಿನವಂಗೆ ಕೊಟ್ಟೆ. ಅವಂಗೆ ಕೇಳು.”

ಇಷ್ಟು ವರ್ಷ ಈ ಮನುಷ್ಯ ಮಕ್ಕಳಿಗೆ ನೀತಿಪಾಠ ಹೇಳಿದ್ದಾನೆ. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅವನ ನಗು ಕಿವಿಯಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೇ ಗುಡ್ಡ ಹತ್ತಿದೆ. ದೊಡ್ಡ ಅಕ್ಕೋರು ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಕುರ್ಚಿ ಒರೆಸಿ ಕೂರಿಸಿದರು.

“ಗ್ಲೋಬು ನಿಮ್ಮದು ಅಂತ ನಿನ್ನೆ ಯಾಕೆ ಹೇಳಲಿಲ್ಲ?”

“ಎಂತ ಹೇಳೂದು ಅಕ್ಕೋರೆ? ಕೇಳಿದ್ರು, ಕೊಟ್ಟೆ. ಅವ್ರ ತಪಾಸಣೆ ಆಗಿ ಅಂಕ ಬಂದಾದ್ಮೇಲೆ ನಾನು ಹೋಗಿ ಅದು ನಮ್ದು ಅಂದ್ರೆ ಅವ್ರಿಗೆ ಎಷ್ಟು ಮುಖಭಂಗ ಆಗ್ತದೆ.”

“ಅವರಿಗೆ ಮುಖಭಂಗವಾಗುತ್ತದೆ ಎಂದು ನಿಮ್ಮ ಮಕ್ಕಳ ಅಕ್ಕೋರನ್ನು ಕಳೆದುಕೊಳ್ಳುತ್ತೀರಾ?” ನನ್ನ ದನಿ ಏರಿತ್ತು. ಒಳ್ಳೆಯತನ ಇಷ್ಟು ದಡ್ಡತನಕ್ಕೆ ಇಳಿದರೆ ನನಗೆ ಮೈ ಉರಿಯುತ್ತದೆ. ಪಕ್ಕದ ಕೋಣೆಯಲ್ಲಿ ಸಣ್ಣ ಅಕ್ಕೋರು ಮಗ್ಗಿ ಹೇಳಿಸುವುದನ್ನು ನಿಲ್ಲಿಸಿದರು.

ಕಿಟಕಿಯಾಚೆ ಕೋರೆಯ ಯಂತ್ರ ಕಲ್ಲು ಕೊಯ್ಯುವ ಸದ್ದು ಕೇಳುತ್ತಿತ್ತು. ಬರವಣಿಗೆಯಲ್ಲಿ ಏನಾದರೂ ಇದೆಯಾ ಎಂದು ಕೇಳಿದೆ. ದೊಡ್ಡ ಅಕ್ಕೋರು, “ಉಂಟು. ಆದ್ರೆ ನಾಳೆ ಸಭೆಲಿ ಅವ್ರ ಮುಖ ನೋಡೂದು ನಾನಲ್ವಾ” ಎಂದರು. ನಾನು ಗೇಟಿನಲ್ಲಿ ಸಿಕ್ಕಿದ ತಾಯಿಯ ಮಾತು ಹೇಳಿದೆ. ಆಗ ಎದ್ದು ಹೋಗಿ ಹಳೆಯ ಹಾಜರಿ ಪುಸ್ತಕವೊಂದನ್ನು ತಂದು, ಹಿಂದಿನ ಹಾಳೆ ತಿರುಗಿಸಿ ನನ್ನ ಮುಂದಿಟ್ಟರು.

ಗೆರೆ ಹೊಡೆದ ಪಟ್ಟಿ. ಸಾಮಾನು, ಒಯ್ದ ಶಾಲೆ, ಒಯ್ದ ದಿನ, ಬಂದ ದಿನ. ದುಂಡನೆಯ ಅಕ್ಷರ. ಕೆಳಗಿನ ಸಾಲುಗಳಲ್ಲಿ ಈ ಸಲದ್ದು: ಗ್ಲೋಬು, ಪೇಟೆ ಶಾಲೆ. ಮಣಿಚೌಕಟ್ಟು, ತಕ್ಕಡಿ, ಪಟ, ನಕಾಶೆ, ಎಲ್ಲ ಅದೇ ಶಾಲೆ. ಅಲ್ಲಿಂದ ಮುಂದೆ ಯಾರ ಕೈಗೆ ಹೋಯಿತೆಂದು ಕೇಳಿ ತಿಳಿದದ್ದನ್ನೂ ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದರು. ಬಂದ ದಿನದ ಜಾಗ ಖಾಲಿ. ನನಗೆ ಬೇಕಾದದ್ದು ಸಿಕ್ಕಿತು ಎಂದು ಮೊಬೈಲು ತೆಗೆದೆ. ಆಗ ಮೊದಲ ಸಾಲು ಕಣ್ಣಿಗೆ ಬಿತ್ತು.

ಸೂಕ್ಷ್ಮದರ್ಶಕ, ಒಂದು. ಮುಂದೆ ಸಿದ್ದಾಪುರ ತಾಲೂಕಿನ ನನ್ನ ಶಾಲೆಯ ಹೆಸರು. ‘ಹೆಡ್ ಅಕ್ಕೋರ ಚೀಟಿ ಮೇರೆಗೆ’ ಎಂಬ ಷರಾ. ಬಂದ ದಿನದ ಜಾಗ ಹನ್ನೊಂದು ವರ್ಷದಿಂದ ಖಾಲಿ.

ನೆನಪಾಯಿತು. ಪ್ರಶಸ್ತಿಯ ತಪಾಸಣೆಗೆ ಜಿಲ್ಲೆಯಿಂದ ತಂಡ ಬರುವುದಿತ್ತು. ಶಿರಸಿಯ ಒಂದು ಗುಡ್ಡದ ಶಾಲೆಗೆ ಯಾರೋ ದಾನಿಗಳು ಸೂಕ್ಷ್ಮದರ್ಶಕ ಕೊಟ್ಟಿದ್ದಾರೆ ಎಂದು ಕೇಳಿ, ನಾನೇ ಚೀಟಿ ಬರೆದು ನಮ್ಮ ಮಾಸ್ತರೊಬ್ಬರನ್ನು ಕಳಿಸಿದ್ದೆ. ತಂಡದವರು ಅದರಲ್ಲಿ ಈರುಳ್ಳಿ ಸಿಪ್ಪೆ ನೋಡಿ ಖುಷಿಪಟ್ಟರು. ಶಾಲು ಹೊದಿಸಿದರು, ಫಲಕ ಕೊಟ್ಟರು. ಸೂಕ್ಷ್ಮದರ್ಶಕವನ್ನು ಯಾರಾದರೂ ಮುಟ್ಟಿಸಿರುತ್ತಾರೆ ಎಂದು ನಾನು ಮರೆತೆ. ಮುಟ್ಟಿಸಿದರೋ ಎಂದು ಯಾರನ್ನೂ ಕೇಳಲಿಲ್ಲ. ನಿನ್ನೆಯಷ್ಟೇ ಈ ಹೆಂಗಸಿನ ಮುಂದೆ ನಿಂತು, ಅದೇ ಸೂಕ್ಷ್ಮದರ್ಶಕ ಇಲ್ಲವೆಂದು ಅವರ ಅಂಕ ಕಳೆದವಳು ನಾನು.

ಫೋಟೋ ತೆಗೆದೆ. ಹೇಗೆ ತೆಗೆದೆ ಎಂಬುದನ್ನೂ ಹೇಳುತ್ತೇನೆ. ಪುಸ್ತಕ ಮಡಚದಂತೆ ಒತ್ತಿ ಹಿಡಿಯುವ ನೆವದಲ್ಲಿ ನನ್ನ ಎಡಗೈ ಹೆಬ್ಬೆರಳು ಮೊದಲ ಸಾಲಿನ ಮೇಲೆ ಹೋಗಿ ಕೂತಿತು. ತಾನಾಗಿ ಹೋಯಿತು ಎಂದು ಬೇಕಾದರೆ ಹೇಳಬಹುದು. ದೊಡ್ಡ ಅಕ್ಕೋರು ಎದುರಿಗೇ ಕೂತು ನೋಡುತ್ತಿದ್ದರು. ಸರಿ ಹಾಗಾದರೆ ಎಂದು ಹೊರಗೆ ಬಂದೆ.

ಗೇಟಿನ ಹತ್ತಿರ ನಿಂತು ಫೋಟೋ ಕಳಿಸಲು ಹೊರಟೆ. ತೆರೆಯ ಮೇಲೆ ನನ್ನ ಬೆರಳು ಅಸಹ್ಯವಾಗಿ ಕಂಡಿತು. ಉಗುರಿನ ಸುತ್ತ ಅರಿಸಿನದ ಕಲೆಯ ಆ ಹೆಬ್ಬೆರಳು ಇಡೀ ಸಾಲನ್ನು ನುಂಗಿ ಕೂತಿತ್ತು. ಕೆಳಗಿನ ಸಾಲುಗಳಷ್ಟೇ ಸಾಕು, ಗುಡ್ಡದ ಶಾಲೆಗೆ ಅಂಕ ಬರುತ್ತದೆ, ಉಳಿದವರ ಬಣ್ಣ ಬಯಲಾಗುತ್ತದೆ, ನನ್ನ ಫಲಕ ಟಿವಿಯ ಪಕ್ಕದಲ್ಲೇ ಇರುತ್ತದೆ. ಪೇಟೆಯ ಹೆಡ್‌ಮಾಸ್ತರನಿಗೂ ನನಗೂ ಇದ್ದ ವ್ಯತ್ಯಾಸ ಏನೆಂದು ಯೋಚಿಸಿದೆ. ಅವನು ಕನಿಷ್ಠ ನಕ್ಕಿದ್ದ, ನಾನು ನ್ಯಾಯ ಮಾಡಲು ಹೊರಟಿದ್ದೆ.

ತಿರುಗಿ ಒಳಗೆ ಹೋದೆ. ದೊಡ್ಡ ಅಕ್ಕೋರು ಪುಸ್ತಕವನ್ನು ಇನ್ನೂ ಮುಚ್ಚಿರಲಿಲ್ಲ. ಏಕೆ ಬಂದಿರಿ ಎಂದು ಕೇಳದೆ ಅದೇ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಈ ಸಲ ಅಂಚು ಹಿಡಿದವರು ಅವರು. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹಾಳೆ ಬಂತು. ಅಲ್ಲೇ ನಿಂತು ಕಳಿಸಿದೆ.

ಹತ್ತು ನಿಮಿಷಕ್ಕೆ ಫೋನು ಬಂತು. “ಮೇಡಂ, ಫಸ್ಟ್ ಲೈನಲ್ಲಿ ಇರೋದು ನಿಮ್ಮ ಸ್ಕೂಲ್ ಹೆಸರಲ್ವಾ?”

“ಹೌದು.”

“ಅಂದ್ರೆ ಆ ಅವಾರ್ಡು...”

“ಅದೂ ಹೌದು.”

ಅವಳು ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದಳು. ಎರಡು ದಿನದ ಮೇಲೆ ಗುಂಪಿನಲ್ಲಿ ಸಂದೇಶ ಬಂತು. ಸಂಗ್ರಹಿಸಿದ ಮಾಹಿತಿ ನಂಬಲರ್ಹವಾಗಿಲ್ಲದ ಕಾರಣ ಹೋಲಿಕೆಯನ್ನು ಕೈಬಿಡಲಾಗಿದೆ, ಹೆಚ್ಚುವರಿ ಶಿಕ್ಷಕಿಯರು ಈಗಿರುವ ಶಾಲೆಗಳಲ್ಲೇ ಮುಂದುವರಿಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು: ಮುಂದಿನ ಸಲ ಮೌಲ್ಯಮಾಪಕರನ್ನು ಬದಲಿಸಲಾಗುವುದು. ತಮ್ಮ ನಮೂನೆಯಲ್ಲೇ ಹುಳುಕಿದೆ ಎಂದು ಒಪ್ಪಿಕೊಳ್ಳುವ ಬದಲು ಮಾಹಿತಿಯ ಮೇಲೆ, ಮಾಹಿತಿ ತಂದವಳ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಂಡರು. ಸಣ್ಣ ಅಕ್ಕೋರು ಉಳಿದರಲ್ಲ, ಅಷ್ಟು ಸಾಕು ಎಂದುಕೊಂಡೆ. ಪೇಟೆಯ ಹೆಡ್‌ಮಾಸ್ತರ ಫೋನು ಮಾಡಿ, “ಅಕ್ಕಾ, ನಿನ್ ಮರ್ಯಾದೆ ನೀನೇ ತೆಕ್ಕಂಡ್ಯಲೆ!” ಎಂದ. ಎರವಲು ತಂದದ್ದು ಹೋಯಿತು ಬಿಡು ಎಂದು ಫೋನಿಟ್ಟೆ.

ಆ ವಾರವೇ ಸಿದ್ದಾಪುರದ ಬಸ್ಸು ಹತ್ತಿದೆ. ನನ್ನ ಹಳೆಯ ಶಾಲೆಯಲ್ಲಿ ಈಗಿನ ಹೆಡ್‌ಮಾಸ್ತರರು ಚಾ ಕೊಟ್ಟು, ಬೀರುವಿನ ಕೀಲಿ ಕೊಟ್ಟರು. ಬಿಸಿಯೂಟದ ಒಡೆದ ತಟ್ಟೆಗಳ ಹಿಂದೆ, ಹರಿದ ಬ್ಯಾನರಿನಲ್ಲಿ ಸುತ್ತಿದ ಸೂಕ್ಷ್ಮದರ್ಶಕ ಸಿಕ್ಕಿತು. ಬ್ಯಾನರು ನನ್ನ ಸನ್ಮಾನದ್ದು. ಸೂಕ್ಷ್ಮದರ್ಶಕದ ತಳದಲ್ಲಿ ನಮ್ಮ ಶಾಲೆಯ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು, ಅದರಡಿಯಲ್ಲಿ ಗುಡ್ಡದ ಶಾಲೆಯ ಹೆಸರು ಇನ್ನೂ ಅರ್ಧ ಕಾಣುತ್ತಿತ್ತು. ಸೀರೆಯ ಸೆರಗಿನಲ್ಲಿ ಅಲ್ಲಿಯೇ ಒರೆಸಿದೆ. ಬಸ್ಸಿನಲ್ಲಿ ಶಿರಸಿಯವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದೆ.

ದೊಡ್ಡ ಅಕ್ಕೋರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿದರು, ತಿರುಪು ತಿರುಗಿಸಿದರು. ಒಂದು ಒಳ್ಳೆಯ ಮಾತು ಹೇಳುತ್ತಾರೆಂದು ನಾನು ಕಾದೆ. ಅವರು ಪುಸ್ತಕ ತೆಗೆದು, ಹನ್ನೊಂದು ವರ್ಷ ಖಾಲಿಯಿದ್ದ ಜಾಗದಲ್ಲಿ ಆ ದಿನದ ತಾರೀಖು ಬರೆದು, ಪಕ್ಕದಲ್ಲಿ ‘ದೊಡ್ಡ ಲೆನ್ಸ್ ಇಲ್ಲ’ ಎಂದು ಸೇರಿಸಿದರು.

“ಇಲ್ಲೊಂದು ಸಹಿ ಹಾಕಿ ಅಕ್ಕೋರೆ.”

ಅವರದೇ ಪೆನ್ನು ತೆಗೆದುಕೊಂಡು ಹಾಕಿದೆ. ಸೂಕ್ಷ್ಮದರ್ಶಕ ಇಡಲು ಅವರು ಕಪಾಟು ತೆರೆದರು. ಮಣಿಚೌಕಟ್ಟು, ತಕ್ಕಡಿ, ಪಟ, ನಕಾಶೆ ಎಲ್ಲವೂ ಮರಳಿ ಬಂದಿದ್ದವು. ಮೇಲಿನ ಹಲಗೆಯ ದುಂಡು ಜಾಗ ಮಾತ್ರ ಖಾಲಿ.

“ಗ್ಲೋಬು ಇನ್ನೂ ಬರಲಿಲ್ಲವಾ?”

“ಬಂದಿತ್ತು. ಪೇಟೆ ಶಾಲೆಯವ್ರಿಗೆ ಎಂಥದೋ ವಸ್ತುಪ್ರದರ್ಶನ ಅಂತೆ. ಮೊನ್ನೆ ಮತ್ತೆ ಕೇಳಿದ್ರು, ಕೊಟ್ಟೆ.”

ನನ್ನ ತಾಳ್ಮೆ ಕಿತ್ತುಹೋಯಿತು. “ಅವನಿಗೆ ಮತ್ತೆ ಕೊಟ್ಟಿರಾ? ಇಷ್ಟೆಲ್ಲ ಆದ ಮೇಲೂ? ಅವನು ತಂದು ಮುಟ್ಟಿಸುತ್ತಾನೆ ಎಂದು ಯಾವ ಧೈರ್ಯದ ಮೇಲೆ ಕೊಟ್ಟಿರಿ?”

ಅವರು ಸೂಕ್ಷ್ಮದರ್ಶಕವನ್ನು ಕೆಳಗಿನ ಹಲಗೆಯ ಮೂಲೆಯಲ್ಲಿಟ್ಟು ಕಪಾಟಿನ ಬಾಗಿಲು ಮುಂದೆ ಮಾಡಿದರು.

“ಇದು ಬಂತಲ್ಲ ಅಕ್ಕೋರೆ” ಎಂದರು.

ನಾನು ಪೆನ್ನಿನ ಟೋಪಿ ಹಾಕಿ ಅವರಿಗೆ ಮರಳಿಸಿದೆ.